ಡಿಜೆ ಕೆಲಸಕ್ಕೆ ಯಾವ ಲ್ಯಾಪ್‌ಟಾಪ್? ಮಲೆನಾಡಿನ ಕರೆಂಟು, ಮಳೆ, ಬಜೆಟ್ ನೋಡಿಕೊಂಡು ಒಂದು ಹೋಲಿಕೆ

ಶಿವಮೊಗ್ಗದಲ್ಲಿ ಯಾವ ಕಂಪ್ಯೂಟರ್ ಅಂಗಡಿಗೆ ಹೋಗಿ "ಡಿಜೆಗೆ ಒಂದು ಲ್ಯಾಪ್‌ಟಾಪ್ ತೋರಿಸಿ" ಅಂದರೂ ಮೊದಲು ಬರುವುದು ಗೇಮಿಂಗ್ ಲ್ಯಾಪ್‌ಟಾಪ್. ಕೀಬೋರ್ಡಿನಲ್ಲಿ ಬಣ್ಣದ ಲೈಟು, ಹಿಂದೆ ಎರಡು ದೊಡ್ಡ ಫ್ಯಾನು, ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಚಾರ್ಜರ್. ಸೌಂಡ್ ಜಾಸ್ತಿ ಬೇಕಾದ ಕೆಲಸಕ್ಕೆ ಪವರ್ ಜಾಸ್ತಿ ಇರುವ ಮಿಷನ್ ಬೇಕು ಅಂತ ಅವರ ಲೆಕ್ಕ. ಕೇಳುವವರ ಲೆಕ್ಕವೂ ಹೆಚ್ಚುಕಮ್ಮಿ ಅದೇ. ನನ್ನ ಲೆಕ್ಕ ಬೇರೆ. ಡಿಜೆ ಲ್ಯಾಪ್‌ಟಾಪ್ ವೇಗವಾಗಿ ಓಡಬೇಕಾಗಿಲ್ಲ, ಎಡವದಿದ್ದರೆ ಸಾಕು. ಮೂರು ಗಂಟೆ ಕಾರ್ಯಕ್ರಮದಲ್ಲಿ ಒಂದು ಸಲವೂ "ಟಕ್" ಅನ್ನಬಾರದು, ಅಷ್ಟೇ.

ಆ ಟಕ್ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ. ಹಾಡಿನ ಫೈಲಿನಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಸಣ್ಣ ಸಣ್ಣ ತುಣುಕು, ಇರುತ್ತವೆ. ಲ್ಯಾಪ್‌ಟಾಪ್ ಅವನ್ನು ಕಟ್ಟುಕಟ್ಟಾಗಿ ಕಂಟ್ರೋಲರಿಗೆ (ಹಾಡು ಬೆರೆಸಲು ಡಿಜೆ ಕೈಯಾಡಿಸುವ ಪೆಟ್ಟಿಗೆ) ಕಳಿಸುತ್ತದೆ. ಒಂದೊಂದು ಕಟ್ಟಿಗೆ ಬಫರ್ ಅನ್ನುತ್ತಾರೆ. ಬಫರ್ 256 ಸ್ಯಾಂಪಲ್ ಇಟ್ಟರೆ ಸುಮಾರು 6 ಮಿಲಿಸೆಕೆಂಡಿಗೊಂದು, 512 ಇಟ್ಟರೆ ಸುಮಾರು 12 ಮಿಲಿಸೆಕೆಂಡಿಗೊಂದು ಕಟ್ಟು ರೆಡಿ ಇರಬೇಕು. ಒಂದೇ ಒಂದು ಕಟ್ಟು ತಡವಾದರೂ ಸ್ಪೀಕರಿನಲ್ಲಿ ಕಟ್‌ಕಟ್ ಕೇಳುತ್ತದೆ. ಬಫರ್ ತುಂಬಾ ಜಾಸ್ತಿ ಮಾಡಿದರೆ ಆ ಕಟ್‌ಕಟ್ ನಿಲ್ಲುತ್ತದೆ, ಆದರೆ ಜಾಗ್ ವೀಲ್ (ಹಾಡನ್ನು ಕೈಯಿಂದ ಹಿಂದೆಮುಂದೆ ತಿರುಗಿಸುವ ಚಕ್ರ) ಮುಟ್ಟಿದಾಗ ಹಾಡು ಸ್ವಲ್ಪ ತಡವಾಗಿ ಓಗೊಡುತ್ತದೆ. ಸ್ಕ್ರ್ಯಾಚ್ ಮಾಡುವವರಿಗೆ ಅದು ಆಗಿಬರುವುದಿಲ್ಲ.

ಹಾಗಾದರೆ ತಡ ಯಾಕಾಗುತ್ತದೆ? ಪ್ರೊಸೆಸರ್ ಸೋಮಾರಿ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕಳ್ಳ ಬೇರೆ ಕಡೆ ಇರುತ್ತಾನೆ: ವೈಫೈ ಡ್ರೈವರ್, ಬ್ಲೂಟೂತ್ ಡ್ರೈವರ್, ಗ್ರಾಫಿಕ್ಸ್ ಡ್ರೈವರ್, ಬ್ಯಾಟರಿ ಮೇಲೆ ಕಣ್ಣಿಡುವ ಡ್ರೈವರ್. ಡ್ರೈವರ್ ಅಂದರೆ ಆಯಾ ಭಾಗವನ್ನು ನಡೆಸುವ ಸಣ್ಣ ಪ್ರೋಗ್ರಾಂ. ಇವು ಆಗಾಗ "ನನ್ನ ಕೆಲಸ ಮೊದಲು" ಅಂತ ಪ್ರೊಸೆಸರನ್ನು ಹಿಡಿದು ನಿಲ್ಲಿಸುತ್ತವೆ. ಅಷ್ಟರಲ್ಲಿ ಆರು ಮಿಲಿಸೆಕೆಂಡ್ ಕಳೆದುಹೋಗಿರುತ್ತದೆ. ಲಕ್ಷ ರೂಪಾಯಿ ಕೊಟ್ಟ ಮಿಷನ್ ಎಡವಿ, ಕಂಪನಿ ಆಫೀಸಿನಿಂದ ಬಂದ ಹಳೆಯ ಲ್ಯಾಪ್‌ಟಾಪ್ ರಾತ್ರಿಯಿಡೀ ಸಲೀಸಾಗಿ ಓಡುವುದು ಇದಕ್ಕೇ.

ಕನಿಷ್ಠ ಏನಿರಬೇಕು

8 ಜಿಬಿ ರ್‍ಯಾಮ್ ಇದ್ದರೆ ಕೆಲಸ ಆಗುತ್ತದೆ, 16 ಇದ್ದರೆ ನೆಮ್ಮದಿ. ಎಸ್‌ಎಸ್‌ಡಿ ಇರಲೇಬೇಕು. ತಿರುಗುವ ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪನ್ನು ಬೇಸ್ ಸ್ಪೀಕರಿನ ಪಕ್ಕದ ಟೇಬಲ್ ಮೇಲೆ ಇಡುವುದು ದೇವರ ಮೇಲೆ ಭಾರ ಹಾಕಿದ ಹಾಗೆ. ಆ ನಡುಕಕ್ಕೇ ಡಿಸ್ಕ್ ತಡವರಿಸುತ್ತದೆ. ಜಾಗದ ಚಿಂತೆ ಅಷ್ಟು ಬೇಡ. 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ 2.4 ಎಂಬಿ ಹಿಡಿಯುತ್ತದೆ. ಐದು ನಿಮಿಷದ ಸಾವಿರ ಹಾಡಿಗೆ ಸುಮಾರು 12 ಜಿಬಿ ಸಾಕು.

ಇಂಟೆಲ್ ಆದರೆ 8ನೇ ಜನರೇಷನ್ನಿಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 14 ಅಕ್ಟೋಬರ್ 2025ರಂದು ಬೆಂಬಲ ನಿಲ್ಲಿಸಿದೆ, ವಿಂಡೋಸ್ 11 ಅಧಿಕೃತವಾಗಿ ಶುರುವಾಗುವುದೇ 8ನೇ ಜನರೇಷನ್ನಿಂದ. "6ನೇ ಜನರೇಷನ್ ಐ7 ಇದೆ, ಅಗ್ಗಕ್ಕೆ ಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಐ7 ಅನ್ನುವ ಹೆಸರಿಗೆ ಮರುಳಾಗಬೇಡಿ. ಮಿಕ್ಸ್ (Mixxx) ಅನ್ನುವ ಉಚಿತ ಡಿಜೆ ಸಾಫ್ಟ್‌ವೇರನ್ನು ಲಿನಕ್ಸ್ ಮೇಲೆ ಓಡಿಸಿಕೊಳ್ಳುವ ಅಭ್ಯಾಸ ಇದ್ದವರಿಗೆ ಮಾತ್ರ ಅಂಥ ಮಿಷನ್ ಈಗಲೂ ಉಪಯೋಗಕ್ಕೆ ಬರುತ್ತದೆ.

ಕಡಿಮೆ ಬೆಲೆಗೆ ಕಣ್ಣು ಸೆಳೆಯುವ ಮೂರನ್ನು ಸುಮ್ನೆ ಬಿಟ್ಟುಬಿಡಿ. ಒಂದು, ಕ್ರೋಮ್‌ಬುಕ್: ಸೆರಾಟೊ, ರೆಕಾರ್ಡ್‌ಬಾಕ್ಸ್ ತರಹದ ಡಿಜೆ ಸಾಫ್ಟ್‌ವೇರ್ ಯಾವುದೂ ಓಡುವುದಿಲ್ಲ. ಎರಡು, ಸೆಲೆರಾನ್ ಅಥವಾ ಇಂಟೆಲ್ ಎನ್ ಸರಣಿಯ ಚಿಪ್ ಇರುವವು. ಮೂರು, ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್. ಇದು ಕೆಟ್ಟ ಮಿಷನ್ ಅಂತಲ್ಲ, ಬ್ಯಾಟರಿ ಚೆನ್ನಾಗಿಯೇ ಬರುತ್ತದೆ. ಆದರೆ ಇಂಟೆಲ್‌ಗೆ ಬರೆದ ಸಾಫ್ಟ್‌ವೇರನ್ನು ಅದು ಹೇಗೋ ಓಡಿಸಿಕೊಳ್ಳಬಹುದು, ಇಂಟೆಲ್‌ಗೆ ಬರೆದ ಡ್ರೈವರನ್ನು ಓಡಿಸಲಾರದು. ನಿಮ್ಮ ಕಂಟ್ರೋಲರಿನ ಆಡಿಯೋ ಡ್ರೈವರ್ ಆ ಚಿಪ್ಪಿಗೆ ಬಂದಿಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್

25 ಸಾವಿರದೊಳಗೆ ಮುಗಿಸಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490 ಇಲ್ಲವೇ 7490, ಎಚ್‌ಪಿ ಎಲೀಟ್‌ಬುಕ್ 840 ಜಿ5. ನಾಲ್ಕೂ 8ನೇ ಜನರೇಷನ್ನಿನಲ್ಲಿ ಸಿಗುತ್ತವೆ, ನಾಲ್ಕರಲ್ಲೂ ರ್‍ಯಾಮ್‌ಗೆ ಎರಡು ಸ್ಲಾಟ್ ಇವೆ. 8 ಜಿಬಿಯದ್ದು ತಗೊಂಡು ಆಮೇಲೆ ಇನ್ನೊಂದು ಕಡ್ಡಿ ಸೇರಿಸಬಹುದು. ಹಳೆಯ ಮಾದರಿಯ ಅಗಲದ ಯುಎಸ್‌ಬಿ ಪೋರ್ಟ್ ಇರುವುದರಿಂದ ಕಂಟ್ರೋಲರ್, ಪೆನ್‌ಡ್ರೈವ್ ಎಲ್ಲ ಅಡಾಪ್ಟರ್ ಇಲ್ಲದೆ ನೇರ ಸೇರುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇಂಥವು ರಾಶಿ ಸಿಗುತ್ತವೆ. ಶಿವಮೊಗ್ಗದಲ್ಲೂ ತಂದು ಮಾರುವವರಿದ್ದಾರೆ, ಬೆಲೆ ಸ್ವಲ್ಪ ಜಾಸ್ತಿ. ಆದರೆ ಹಾಳಾದರೆ ವಾಪಸ್ ಹೊತ್ತುಕೊಂಡು ಹೋಗಲು ಮುನ್ನೂರು ಕಿಲೋಮೀಟರ್ ದೂರ ಇಲ್ಲ ಅಲ್ವಾ? ಆ ಜಾಸ್ತಿ ದುಡ್ಡು ದಂಡ ಅಂತ ನನಗೆ ಅನ್ನಿಸುವುದಿಲ್ಲ.

ಈ ನಾಲ್ಕರಲ್ಲಿ ಟಿ480 ಮೇಲೆ ನನಗೆ ಪಕ್ಷಪಾತ ಇದೆ. ಅದರಲ್ಲಿ ಎರಡು ಬ್ಯಾಟರಿ. ಒಂದು ಒಳಗೆ, ಇನ್ನೊಂದು ಹಿಂದೆ ಕ್ಲಿಪ್ ಎಳೆದರೆ ಕೈಗೆ ಬರುವಂಥದ್ದು. ಹೊರಗಿನದು ಖಾಲಿಯಾದರೆ ಹಾಡು ನಿಲ್ಲಿಸದೆ ತೆಗೆದು ಬೇರೆಯದು ಹಾಕಬಹುದು, ಅಷ್ಟು ಹೊತ್ತು ಒಳಗಿನದು ಎಳೆಯುತ್ತದೆ. ಕರೆಂಟನ್ನು ನಂಬುವಂತಿಲ್ಲದ ಕಡೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಹುಷಾರು, ಟಿ480ಎಸ್ ಬೇರೆ ಮಿಷನ್. ಕೊನೆಗೊಂದು ಎಸ್ ಇದ್ದರೆ ಹೊರಗಿನ ಬ್ಯಾಟರಿ ಇಲ್ಲ, ಅರ್ಧ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ.

ಕೊರತೆಯೂ ಇದೆ. ಟಿ480 ಸ್ಕ್ರೀನ್ ಮಂಕು. ಹಗಲು ಬಯಲಲ್ಲಿ ಮೆರವಣಿಗೆ ಗಾಡಿಯ ಮೇಲೆ ಕೂತರೆ ವೇವ್‌ಫಾರ್ಮ್ (ಹಾಡಿನ ಏರಿಳಿತ ತೋರಿಸುವ ಗೆರೆ) ಕಾಣಿಸಲು ಟವೆಲ್ ಮರೆ ಮಾಡಿಕೊಳ್ಳಬೇಕು. 1366×768 ಸ್ಕ್ರೀನಿನದ್ದೂ ಮಾರುಕಟ್ಟೆಯಲ್ಲಿ ಇದೆ. ಅದರಲ್ಲಿ ಹಾಡಿನ ಪಟ್ಟಿಗೆ ಜಾಗವೇ ಉಳಿಯುವುದಿಲ್ಲ, ಫುಲ್ ಎಚ್‌ಡಿ ಇರುವುದನ್ನೇ ಕೇಳಿ.

40-45 ಸಾವಿರದ ಹೊಸದು

ಹೊಸದು ಅನ್ನುವ ಖುಷಿ, ಒಂದು ವರ್ಷ ವಾರಂಟಿ, ಇಎಂಐ. ಇಷ್ಟು ಬಿಟ್ಟರೆ ಡಿಜೆ ಕೆಲಸಕ್ಕೆ ಇದರಲ್ಲಿ ವಿಶೇಷ ಇಲ್ಲ. ಪ್ಲಾಸ್ಟಿಕ್ ಬಾಡಿ, ಸಡಿಲ ಹಿಂಜ್. ರ್‍ಯಾಮ್ ಅರ್ಧವೋ ಪೂರ್ತಿಯೋ ಬೆಸೆದಿರುತ್ತದೆ. ದಿನಾ ಕಾಲೇಜಿಗೂ ಬೇಕು, ತಿಂಗಳಿಗೊಂದೆರಡು ಬರ್ತ್‌ಡೇ ಪಾರ್ಟಿಗೂ ಬೇಕು ಅನ್ನುವ ಹುಡುಗರಿಗೆ ಸರಿ.

ಇಲ್ಲಿ ಮೋಸ ಹೋಗುವುದು ಚಿಪ್ಪಿನ ನಂಬರಿನಲ್ಲಿ. ರೈಜನ್ 3 7320ಯು, ರೈಜನ್ 5 7520ಯು ಅಂದರೆ 7000 ಸರಣಿ, ಹೊಸದು ಅನ್ನಿಸುತ್ತದೆ. ಮೂರನೇ ಅಂಕಿ ನೋಡಿ. 2 ಇದ್ದರೆ ಒಳಗಿರುವುದು ಜೆನ್ 2 ಅನ್ನುವ ಹಳೆಯ ವಿನ್ಯಾಸ. 7530ಯು ತರಹ 3 ಇದ್ದರೆ ಜೆನ್ 3. 7320ಯು, 7520ಯು ಎರಡರಲ್ಲೂ ರ್‍ಯಾಮ್ ಪೂರ್ತಿ ಬೆಸೆದದ್ದು, ಮುಂದೆ ಸೇರಿಸಲಾಗದು. ಹೆಚ್ಚುಕಮ್ಮಿ ಅದೇ ಬೆಲೆಯಲ್ಲಿ 7530ಯು ಅಥವಾ 12ನೇ ಜನರೇಷನ್ ಐ5 ಸಿಕ್ಕಿದರೆ ಅದನ್ನು ಹಿಡಿಯಿರಿ. ಇನ್ನೊಂದು: ಕೆಲವು ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ "ಎಸ್ ಮೋಡ್"ನಲ್ಲಿ ಬರುತ್ತದೆ, ಸ್ಟೋರಿನಲ್ಲಿ ಇರುವುದನ್ನು ಬಿಟ್ಟು ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ಗಾಬರಿ ಬೇಡ, ಸೆಟ್ಟಿಂಗ್ಸ್‌ನಲ್ಲಿ ಉಚಿತವಾಗಿ ತೆಗೆಯಬಹುದು.

ಮ್ಯಾಕ್‌ಬುಕ್ ಏರ್

ದೊಡ್ಡ ಡಿಜೆಗಳ ಟೇಬಲ್ ಮೇಲೆ ಸೇಬಿನ ಗುರುತು ಕಾಣುವುದು ಬರೀ ಶೋಕಿಗಲ್ಲ. ಆಡಿಯೋ ವ್ಯವಸ್ಥೆ ಮ್ಯಾಕ್ ಒಳಗೇ ಚೆನ್ನಾಗಿ ಕೂತಿದೆ. ವಿಂಡೋಸ್‌ನಲ್ಲಿ ಆಸಿಯೋ ಅನ್ನುವ ಆಡಿಯೋ ಡ್ರೈವರ್ ಹಾಕಿ, ವೈಫೈ ಆರಿಸಿ, ಹತ್ತು ಸೆಟ್ಟಿಂಗ್ ಬದಲಿಸಿ ಪಡೆಯುವ ಸ್ಥಿರತೆ ಇದರಲ್ಲಿ ಪೆಟ್ಟಿಗೆ ತೆರೆದ ದಿನವೇ ಸಿಗುತ್ತದೆ. ನವೆಂಬರ್ 2020ರಲ್ಲಿ ಬಂದ ಎಂ1 ಏರ್ ಇವತ್ತಿಗೂ ಡಿಜೆ ಕೆಲಸಕ್ಕೆ ಧಾರಾಳ ಸಾಕು. ತೂಕ 1.29 ಕೆಜಿ, ಸ್ಕ್ರೀನ್ ಪ್ರಕಾಶ ಜಾಸ್ತಿ, ಬ್ಯಾಟರಿ ಚೆನ್ನಾಗಿದ್ದರೆ ಒಂದು ರಿಸೆಪ್ಷನ್ನಿಗೆ ಚಾರ್ಜರ್ ಬೇಕಾಗುವುದಿಲ್ಲ. ಫ್ಯಾನೇ ಇಲ್ಲ. ಇದು ನಮ್ಮ ಕಡೆ ಎಷ್ಟು ಉಪಕಾರ ಅನ್ನುವುದು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಗೊತ್ತಾಗುತ್ತದೆ. ರೆಕ್ಕೆ ಬಂದ ಗೆದ್ದಲು ಸ್ಟೇಜ್ ಲೈಟಿಗೆ ಮುತ್ತಿಕೊಳ್ಳುತ್ತವೆ, ರೆಕ್ಕೆ ಉದುರಿಸಿ ಕೀಬೋರ್ಡಿನ ಮೇಲೆಲ್ಲ ಹರಿದಾಡುತ್ತವೆ. ಫ್ಯಾನ್ ಇರುವ ಲ್ಯಾಪ್‌ಟಾಪ್ ಆ ರೆಕ್ಕೆಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಮಾರನೇ ದಿನ ಬಿಚ್ಚಿ ನೋಡಿದರೆ ಗಾಳಿ ಹೋಗುವ ಜಾಗದಲ್ಲಿ ರೆಕ್ಕೆಗಳ ಒಂದು ಪದರವೇ ಕೂತಿರುತ್ತದೆ.

ಆದರೆ ಮಲೆನಾಡಿನಲ್ಲಿ ಇದರ ದೊಡ್ಡ ಪ್ರಶ್ನೆ ರಿಪೇರಿ. ರ್‍ಯಾಮ್, ಸ್ಟೋರೇಜ್ ಎರಡೂ ಬೋರ್ಡಿಗೆ ಬೆಸೆದಿವೆ, ಏನನ್ನೂ ಸೇರಿಸಲಾಗದು. ಒಳಗೆ ನೀರು ಹೋದರೆ ಬೋರ್ಡ್ ಪೂರ್ತಿ. ಸೊರಬ, ಹೊಸನಗರ, ತೀರ್ಥಹಳ್ಳಿಯ ಮಾಮೂಲಿ ರಿಪೇರಿ ಅಂಗಡಿಯಲ್ಲಿ ಥಿಂಕ್‌ಪ್ಯಾಡ್ ಬಿಚ್ಚಿ ಕೀಬೋರ್ಡ್ ಬದಲಿಸಿ ಕೊಡುತ್ತಾರೆ, ಮ್ಯಾಕ್ ಬೋರ್ಡ್ ಮುಟ್ಟಲು ಹಿಂದೆಮುಂದೆ ನೋಡುತ್ತಾರೆ. ಪೋರ್ಟ್ ಎರಡೇ, ಎರಡೂ ಟೈಪ್ ಸಿ. ಒಳ್ಳೆಯ ಹಬ್ ಒಂದನ್ನು ಬಜೆಟ್‌ನಲ್ಲಿ ಸೇರಿಸಿಕೊಳ್ಳಿ. ಹೊಸ ಮ್ಯಾಕ್ ಓಎಸ್ ಬಂತು ಅಂತ ಅವತ್ತೇ ಅಪ್‌ಡೇಟ್ ಒತ್ತಬೇಡಿ, ಸಾಫ್ಟ್‌ವೇರ್ ಮತ್ತು ಕಂಟ್ರೋಲರ್ ಕಂಪನಿಯವರು "ಆಗುತ್ತದೆ" ಅಂದ ಮೇಲೆ ಸಾಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಹಳೇ ಮಾಲೀಕರ ಐಡಿ ತೆಗೆಸಿ, ಎದುರಲ್ಲೇ ರೀಸೆಟ್ ಮಾಡಿಸಿ, ವೈಫೈಗೆ ಸೇರಿಸಿ ಹೋಮ್ ಸ್ಕ್ರೀನ್ ತನಕ ಬರುವುದನ್ನು ನೋಡಿ. "ಈ ಮ್ಯಾಕ್ ಇಂಥ ಸಂಸ್ಥೆಯ ನಿರ್ವಹಣೆಯಲ್ಲಿದೆ" ಅಂತ ಬಂದರೆ ದುಡ್ಡು ಕೊಡದೆ ಎದ್ದು ಬನ್ನಿ.

ಗೇಮಿಂಗ್ ಲ್ಯಾಪ್‌ಟಾಪ್ ಯಾರಿಗೆ

ಎಚ್‌ಪಿ ವಿಕ್ಟಸ್, ಲೆನೊವೊ ಲಾಕ್, ಏಸರ್ ನೈಟ್ರೊ, ಆಸುಸ್ ಟಫ್. ಇವು ಬೇಡವೇ ಬೇಡ ಅನ್ನುವುದಿಲ್ಲ. ಎಲ್‌ಇಡಿ ವಾಲ್‌ಗೆ ವಿಡಿಯೋ ಕೂಡ ಅದೇ ಲ್ಯಾಪ್‌ಟಾಪಿನಿಂದ ಓಡಿಸುವವರಿಗೆ ಬೇಕು. ಸ್ಟೆಮ್ಸ್ ಜಾಸ್ತಿ ಬಳಸುವವರಿಗೂ ಬೇಕು. ಹಾಡಿನಿಂದ ದನಿ, ಡ್ರಮ್ಸ್, ಬೇಸ್ ಬೇರೆ ಬೇರೆ ಮಾಡುವುದು ಸ್ಟೆಮ್ಸ್. ಜಾನಪದ ಹಾಡಿನ ದನಿ ಮಾತ್ರ ಎತ್ತಿ ಬೇರೆ ಬೀಟ್ ಮೇಲೆ ಕೂರಿಸುವುದು ಈಗ ಎಲ್ಲ ಕಡೆ ನಡೆದಿದೆ. ಅಲ್ಲಿಯೇ ನಿಂತು, ಆ ಕ್ಷಣಕ್ಕೆ ಬೇರೆ ಮಾಡಲು ಗ್ರಾಫಿಕ್ಸ್ ಚಿಪ್ ಸಹಾಯ ಮಾಡುತ್ತದೆ. ಆದರೆ ಹಾಡುಗಳನ್ನು ಮನೆಯಲ್ಲೇ ಮೊದಲು ವಿಶ್ಲೇಷಣೆಗೆ ಹಾಕಿಟ್ಟುಕೊಂಡರೆ ಟಿ480 ಕೂಡ ಸುಧಾರಿಸಿಕೊಳ್ಳುತ್ತದೆ. ಫೈಲುಗಳು ಜಾಗ ಜಾಸ್ತಿ ತಿನ್ನುತ್ತವೆ, 512 ಜಿಬಿ ಎಸ್‌ಎಸ್‌ಡಿ ಹಾಕಿಸಿಕೊಳ್ಳಿ.

ಇವುಗಳ ಕಷ್ಟ ಏನೆಂದರೆ ಗ್ರಾಫಿಕ್ಸ್ ಡ್ರೈವರ್. ಮೇಲೆ ಹೇಳಿದ ಕಳ್ಳರ ಪಟ್ಟಿಯಲ್ಲಿ ಅದೂ ಇದೆ. ಭಾರ ಎರಡು ಕೆಜಿ ದಾಟುತ್ತದೆ, ಚಾರ್ಜರ್ ಬೇರೆ. ಚಾರ್ಜರ್ ತೆಗೆದರೆ ಅದರ ಪೌರುಷ ಅರ್ಧಕ್ಕೆ ಇಳಿಯುತ್ತದೆ. ಕರೆಂಟ್ ಹೋದಾಗ ಬೇಕಾಗುವುದು ಇದಕ್ಕೆ ತದ್ವಿರುದ್ಧವಾದದ್ದು.

ಕರೆಂಟು, ಅರ್ಥಿಂಗ್, ಶೀತ

ಮೆಸ್ಕಾಂ ಲೈನಿನಿಂದ ಜನರೇಟರಿಗೆ ಬದಲಾಗುವಾಗ ಒಂದೆರಡು ನಿಮಿಷ ಎಲ್ಲ ಕತ್ತಲೆ. ಆಂಪ್ಲಿಫೈಯರ್ ಸತ್ತು ಹೋಗಲಿ, ಲ್ಯಾಪ್‌ಟಾಪ್ ಬದುಕಿದ್ದರೆ ಸಾಕು. ಡಿಡಿಜೆ ಎಫ್‌ಎಲ್‌ಎಕ್ಸ್4 ತರಹದ ಕಂಟ್ರೋಲರ್ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವುದರಿಂದ ಅದೂ ಆರುವುದಿಲ್ಲ. ಜನರೇಟರ್ ಹಿಡಿದ ಕೂಡಲೇ ಹಾಡು ನಿಂತ ಜಾಗದಿಂದ ಹೊರಡಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಏಳಬೇಕು, ಸಾಫ್ಟ್‌ವೇರ್ ತೆರೆಯಬೇಕು, ಅಷ್ಟರಲ್ಲಿ ಮದುಮಗನ ಸ್ನೇಹಿತರು ಟೇಬಲ್ ಸುತ್ತ ನಿಂತಿರುತ್ತಾರೆ. ಎಷ್ಟು ಹೊತ್ತಿನ ಬ್ಯಾಟರಿ ಬೇಕು? 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಂಜೆ ಆರೂವರೆಗೆ ಶುರುವಾದರೂ ಮೂರೂವರೆ ಗಂಟೆ. ನಾಲ್ಕು ಗಂಟೆ ಬರುವ ಬ್ಯಾಟರಿ ಇದ್ದರೆ ಇಡೀ ಕಾರ್ಯಕ್ರಮ ಚಾರ್ಜರ್ ಇಲ್ಲದೆ ಮುಗಿಯುತ್ತದೆ.

ಚಾರ್ಜರ್ ಇಲ್ಲದೆ ನುಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಚಪ್ಪರಕ್ಕೆ ಎಳೆದ ವೈರಿನಲ್ಲಿ ಸರಿಯಾದ ಅರ್ಥಿಂಗ್ ಬಹಳ ಸಲ ಇರುವುದಿಲ್ಲ. ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ "ಹೂಂ" ಅಂತ ಸದ್ದು ಶುರು. ಎರಡು ಪಿನ್ನಿನ ಚಾರ್ಜರ್ ಹಾಕಿದ ಮ್ಯಾಕ್ ಮುಟ್ಟಿದರೆ ಕೈ ಜುಂ ಅನ್ನುತ್ತದೆ. ಚಾರ್ಜರ್ ತೆಗೆದರೆ ಎರಡೂ ನಿಲ್ಲುತ್ತವೆ. ಮೂರನೇ ಪಿನ್ ಮುರಿದು ಹಾಕುವ ಚಾಳಿ ಕೆಲವರಿಗೆ ಇದೆ, ಅದನ್ನು ಮಾತ್ರ ಮಾಡಬೇಡಿ. ಮಳೆಯಲ್ಲಿ ನೆಂದ ಸ್ಟೇಜಿನ ಮೇಲೆ ಅದು ಪ್ರಾಣಕ್ಕೇ ಬರುತ್ತದೆ.

ಇನ್ನು ಶೀತ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮೇ ಮುಗಿದರೆ ಮದುವೆ ಸೀಸನ್ ಮುಗಿಯಿತು, ಗಣೇಶನ ಹಬ್ಬದ ತನಕ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಕೂರುತ್ತದೆ, ಬ್ಯಾಗಿಗೆ ಬೂಸ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಬ್ಯಾಟರಿ ಅರ್ಧದಷ್ಟು ಇರಲಿ. ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿದರೆ ಆ ಬಿಸಿಗೇ ಒಳಗಿನ ತೇವ ಆರುತ್ತದೆ.

ಅಂಗಡಿಯಲ್ಲಿ ನೋಡುವುದು ಹೇಗೆ

ಸಾಗರದ ಹುಡುಗನೊಬ್ಬನಿಗೆ ಸೆಕೆಂಡ್ ಹ್ಯಾಂಡ್ ಕೊಡಿಸಲು ಜೊತೆಗೆ ಹೋಗಿದ್ದೆ. ಅವನ ಕಂಟ್ರೋಲರ್, ಅವನ ಹೆಡ್‌ಫೋನ್, ಪೆನ್‌ಡ್ರೈವಿನಲ್ಲಿ ಅವನ ಹಾಡುಗಳು. ಅಂಗಡಿಯವರು "ಎಂತ ಮಾರಾಯ್ರೆ, ಇಲ್ಲೇ ಕಾರ್ಯಕ್ರಮ ಮಾಡ್ತೀರಾ?" ಅಂತ ನಕ್ಕರು. ಎರಡು ಡೆಕ್ಕಿನಲ್ಲೂ ಹಾಡು ಹಾಕಿ, ಎಫೆಕ್ಟ್ ಆನ್ ಮಾಡಿ, ಹಿಂದೆ ಲೇಟೆನ್ಸಿಮಾನ್ ಅನ್ನುವ ಉಚಿತ ಪ್ರೋಗ್ರಾಂ ತೆರೆದಿಟ್ಟೆವು. ಡ್ರೈವರುಗಳು ಎಷ್ಟು ಹೊತ್ತು ಪ್ರೊಸೆಸರನ್ನು ಹಿಡಿದಿಡುತ್ತವೆ ಅಂತ ಅದು ಅಳೆಯುತ್ತದೆ. ಮೊದಲ ಮಿಷನ್ನಿನಲ್ಲಿ ಕೆಂಪು ಗೆರೆ ಮೇಲೆ ಮೇಲೆ ಏರಿತು. ವೈಫೈ ಆರಿಸಿದ ಕೂಡಲೇ ಹಸಿರಿಗೆ ಇಳಿಯಿತು. ಹಾಗಾದರೆ ಅದು ಸರಿಯಾದ ಮಿಷನ್ನೇ, ಡ್ರೈವರ್ ಹೊಸದು ಹಾಕಿದರೆ ಆಯಿತು. ಎರಡನೆಯದರಲ್ಲಿ ಗೆರೆಯೆಲ್ಲ ಚೆನ್ನಾಗಿತ್ತು. ಹುಡುಗ ಹಾಡು ಓಡುತ್ತಿದ್ದ ಹಾಗೇ ಚಾರ್ಜರ್ ಪಿನ್ನನ್ನು ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿದ. ಚಾರ್ಜಿಂಗ್ ಗುರುತು ಬಂತು, ಹೋಯಿತು, ಬಂತು. ಪ್ರತಿ ಸಲವೂ ಹೆಡ್‌ಫೋನಿನಲ್ಲಿ ಸಣ್ಣ ಟಕ್. "ಅಣ್ಣ, ಇದು ಬೇಡ" ಅಂದ. ಮೊದಲನೆಯದೇ ತಗೊಂಡೆವು.

ಇಷ್ಟರ ಜೊತೆ ಪ್ರತಿ ಯುಎಸ್‌ಬಿ ಪೋರ್ಟಿಗೂ ಕಂಟ್ರೋಲರ್ ಹಾಕಿ ನೋಡಿ. ವಿಂಡೋಸ್‌ನಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದರೆ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಕಾಣುತ್ತವೆ. ಈಗಿನದು ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ದುಡ್ಡು ಬೆಲೆಯಲ್ಲಿ ಕಳೆಯಲು ಕೇಳಿ. ಬಯೋಸ್ (ವಿಂಡೋಸ್ ಏಳುವ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಒಳಗೆ ಹೋಗಲು ಪಾಸ್‌ವರ್ಡ್ ಕೇಳಿದರೆ ಬೇಡ.

ಹಾಗಾದರೆ ನನ್ನ ಆಯ್ಕೆ? ಮದುವೆ, ಗೃಹಪ್ರವೇಶ, ಹೋಂಸ್ಟೇ ಪಾರ್ಟಿ ಅಂತ ಹಳ್ಳಿಹಳ್ಳಿ ಸುತ್ತುವವರಿಗೆ 16 ಜಿಬಿಯ ಟಿ480, ಜೊತೆಗೆ ಒಂದು ಬಿಡಿ ಬ್ಯಾಟರಿ. ಶಿವಮೊಗ್ಗ ಸಿಟಿಯ ಹಾಲ್‌ಗಳಲ್ಲೇ ಕೆಲಸ ಜಾಸ್ತಿ, ಕೈಯಲ್ಲಿ ಅದರ ಎರಡರಷ್ಟು ದುಡ್ಡಿದೆ, ಸಾಮಾನು ಜೋಪಾನವಾಗಿ ನೋಡಿಕೊಳ್ಳುತ್ತೀರಿ ಅಂದರೆ ಮ್ಯಾಕ್‌ಬುಕ್ ಏರ್. ಇನ್ನೂ ಕಲಿಯುತ್ತಿರುವವರು ಸದ್ಯಕ್ಕೆ ಲ್ಯಾಪ್‌ಟಾಪನ್ನೇ ಕೊಳ್ಳಬೇಡಿ. ಎಫ್‌ಎಲ್‌ಎಕ್ಸ್4 ಫೋನಿಗೂ ಸೇರುತ್ತದೆ, ಕೈ ಪಳಗುವ ತನಕ ಅದರಲ್ಲೇ ನಡೆಯುತ್ತದೆ.

ತಂದ ಮೇಲೆ ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ. ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆರಿಸಿ, ಇಲ್ಲದಿದ್ದರೆ ಕಂಟ್ರೋಲರ್ ನಡುವೆ ನಿದ್ದೆ ಹೋಗುತ್ತದೆ. ಕಾರ್ಯಕ್ರಮದ ದಿನ ವಿಂಡೋಸ್ ಅಪ್‌ಡೇಟ್ ತಡೆಹಿಡಿದು, ವೈಫೈ, ಬ್ಲೂಟೂತ್ ಎರಡೂ ಬಂದ್ ಮಾಡಿ. ಘಟ್ಟದ ಅಂಚಿನ ಊರುಗಳಲ್ಲಿ ನೆಟ್‌ವರ್ಕ್ ಹೇಗೂ ಸಿಗುವುದಿಲ್ಲ, ಹಾಡುಗಳೆಲ್ಲ ಲ್ಯಾಪ್‌ಟಾಪಿನಲ್ಲೇ ಇರಲಿ. ಮಿಕ್ಕ ದುಡ್ಡಿನಲ್ಲಿ ಗಟ್ಟಿಯಾದ ಯುಎಸ್‌ಬಿ ಕೇಬಲ್ ಎರಡು ತಗೊಳ್ಳಿ, ಎರಡು ಮೀಟರಿಗಿಂತ ಉದ್ದ ಬೇಡ. ಒಂದನ್ನು ಕಂಟ್ರೋಲರಿಗೆ ಹಾಕಿ, ಇನ್ನೊಂದನ್ನು ಬ್ಯಾಗಿನಿಂದ ತೆಗೆಯಲೇಬೇಡಿ.